ನಿಮಗಿದು ಗೊತ್ತೇ? 1510: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಿಂದ ನೋಡಿದ ಒಂದು ವರ್ಷ

1510ನೇ ಇಸವಿಯ ಯುಗಾದಿಯಂದು ಆಳಂದದ ಜೋಯಿಸರು ಪಂಚಾಂಗ ಬಿಚ್ಚಿದಾಗ ಶುರುವಾಗಿದ್ದು ಪ್ರಮೋದೂತ ಸಂವತ್ಸರ, ಶಾಲಿವಾಹನ ಶಕ 1432. ತಿಂಗಳೊಪ್ಪತ್ತಿನಲ್ಲಿ ಅದೇ ಊರಿನ ಮಸೀದಿಯಲ್ಲಿ ಹಿಜರಿ 916 ಕಾಲಿಟ್ಟಿತು. ಕ್ರಿಸ್ತಶಕ ಎಂಬ ಲೆಕ್ಕ ಭೀಮಾ ನದಿಯ ಈ ದಂಡೆಯಲ್ಲೂ ಆ ದಂಡೆಯಲ್ಲೂ ಯಾರಿಗೂ ಬೇಕಿರಲಿಲ್ಲ. ಆ ಲೆಕ್ಕ ಇಟ್ಟುಕೊಂಡ ಜನ ಅದೇ ವರ್ಷ ಗೋವೆಯಲ್ಲಿ ಬಂದಿಳಿದರು. ಅವರು ಬಂದದ್ದರ ಪೆಟ್ಟು ಬಿದ್ದದ್ದು ನಮ್ಮ ಸೀಮೆಯನ್ನು ಆಳುತ್ತಿದ್ದ ದೊರೆಗೇ.

ಶಾಲೆಯ ಪುಸ್ತಕದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ 1509 ಇರುತ್ತದೆ, 1520ರ ರಾಯಚೂರು ಕದನ ಇರುತ್ತದೆ, 1565ರ ತಾಳಿಕೋಟೆಯಂತೂ ಇದ್ದೇ ಇರುತ್ತದೆ. 1510ರ ಹೆಸರೆತ್ತುವವರು ಕಡಿಮೆ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಮೊದಲು ಹೇಳಬೇಕಾದ ವರ್ಷವೇ ಇದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ವರ್ಷ ಆಳಂದ, ಅಫಜಲಪುರ, ಜೇವರ್ಗಿಯ ಸೀಮೆ ಯಾರ ಕೈಯಲ್ಲಿತ್ತು ಗೊತ್ತೇ? ಕಾಗದದ ಮೇಲೆ ಕೇಳಿದರೆ ಬೀದರಿನ ಬಹಮನಿ ಸುಲ್ತಾನ ಮಹಮೂದ್ ಶಾಹನದು. 1482ರಿಂದ 1518ರವರೆಗೆ ಸಿಂಹಾಸನದ ಮೇಲೆ ಕೂತೇ ಇದ್ದ. ಆದರೆ ಬೀದರಿನ ಕೋಟೆಯೊಳಗೂ ಅವನ ಮಾತು ನಡೆಯುತ್ತಿರಲಿಲ್ಲ. ಅಲ್ಲಿ ಅಧಿಕಾರ ಮಂತ್ರಿ ಅಮೀರ್ ಬರೀದನದು. ಕಲಬುರಗಿ ಸೀಮೆಯಲ್ಲಿ ನಡೆಯುತ್ತಿದ್ದ ಹುಕುಂ ವಿಜಯಪುರದ ಯೂಸುಫ್ ಆದಿಲ್ ಶಾಹನದು.

ಅವನ ಕೈಗೂ ಇದು ಸುಲಭವಾಗಿ ಬಂದದ್ದಲ್ಲ. ಅದಕ್ಕೂ ಮೊದಲು ಕಲಬುರಗಿಯನ್ನು ಹಿಡಿದುಕೊಂಡಿದ್ದವನು ದಸ್ತೂರ್ ದೀನಾರ್ ಎಂಬ ಹಬ್ಶಿ ಸರದಾರ. ಆಫ್ರಿಕಾದ ಮೂಲದವನು. ಕಲಬುರಗಿ, ಆಳಂದ, ಗುಂಜೋಟಿ, ಕಲ್ಯಾಣ ಎಂಬ ನಾಲ್ಕು ಹೆಸರು ಆ ಕಾಲದ ಜಗಳದಲ್ಲಿ ಜೊತೆಜೊತೆಗೇ ಬರುತ್ತವೆ. ವಿಜಯಪುರಕ್ಕೂ ಬೀದರಿಗೂ ನಡುವಿನ ನೆಲವಾದ್ದರಿಂದ ಇಬ್ಬರಿಗೂ ಅದು ಬೇಕಿತ್ತು. 1504ರಲ್ಲಿ ಯೂಸುಫ್ ದಂಡೆತ್ತಿ ಬಂದು ದಸ್ತೂರ್ ದೀನಾರನನ್ನು ಸೋಲಿಸಿ ಕೊಂದು ಕಲಬುರಗಿಯನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡ. 1510ರ ಹೊತ್ತಿಗೆ ಆ ಗಾಯಕ್ಕೆ ಆರೇ ವರ್ಷ. ಆಳಂದದ ಗೌಡ ಶಾನುಭೋಗರು ಹಳೆಯ ಧಣಿಯನ್ನು ಮರೆತಿರಲಾರರು.

ಆಳಂದವಂತೂ ಅಷ್ಟರಲ್ಲಾಗಲೇ ಬಹಳ ಹಳೆಯ ಊರು. 12ನೇ ಶತಮಾನದ ಶಿವಶರಣ ಏಕಾಂತದ ರಾಮಯ್ಯ ಇಲ್ಲಿಯವನೆಂದು ಹಾವೇರಿ ಕಡೆಯ ಅಬ್ಬಲೂರಿನ ಶಾಸನ ಹೇಳುತ್ತದೆ. ಸೂಫಿ ಸಂತ ಲಾಡ್ಲೆ ಮಶಾಯಕರ ದರ್ಗಾ ಕೂಡ ಬಹಮನಿ ಕಾಲದ್ದು. ಎರಡೂ ನೆನಪುಗಳನ್ನು ಇಟ್ಟುಕೊಂಡೇ ಊರು 16ನೇ ಶತಮಾನಕ್ಕೆ ಬಂತು.

ಯೂಸುಫ್ ಆದಿಲ್ ಶಾಹನ ಸಮಾಧಿ ಎಲ್ಲಿದೆ ಗೊತ್ತೇ? ಹತ್ತರಲ್ಲಿ ಒಂಬತ್ತು ಜನ ವಿಜಯಪುರ ಎನ್ನುತ್ತಾರೆ. ಅಲ್ಲ, ಗೋಗಿಯಲ್ಲಿದೆ.

ಜೇವರ್ಗಿ ದಾಟಿ ಶಹಾಪುರದ ಕಡೆ ಹೊರಟವರಿಗೆ ಗೋಗಿ ಎಂಬ ಫಲಕ ಹೊಸದೇನಲ್ಲ. ಇಂದು ಯಾದಗಿರಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಒಡೆಯುವ ಮುಂಚೆ ನಮ್ಮ ಕಲಬುರಗಿ ಜಿಲ್ಲೆಯದೇ ಊರು. ಅಲ್ಲಿ ಚಂದಾ ಹುಸೇನಿ ಎಂಬ ಸೂಫಿ ಸಂತರ ದರ್ಗಾ ಇದೆ. ಯೂಸುಫನಿಗೆ ಆ ಸಂತರ ಮೇಲೆ ಭಕ್ತಿ. ಸತ್ತ ಮೇಲೆ ಅವರ ಸನ್ನಿಧಿಯಲ್ಲೇ ಮಣ್ಣು ಮಾಡಿದರು. ಆ ಮೇಲೆ ಮಗ ಇಸ್ಮಾಯಿಲ್, ಸ್ವಲ್ಪವೇ ದಿನ ಆಳಿದ ಮೊಮ್ಮಗ ಮಲ್ಲೂ, ಇನ್ನೊಬ್ಬ ಮೊಮ್ಮಗ ಮೊದಲನೆಯ ಇಬ್ರಾಹಿಂ ಮೂವರೂ ಗೋಗಿಗೇ ಬಂದರು. ಅಂದರೆ ಆದಿಲ್‌ಶಾಹಿಯ ಮೊದಲ ನಾಲ್ಕು ದೊರೆಗಳು ಮಲಗಿರುವುದು ಒಂದೇ ಹಳ್ಳಿಯಲ್ಲಿ. ಗೋಳಗುಮ್ಮಟವನ್ನು ನೋಡಲು ದೇಶವಿದೇಶದಿಂದ ಬಸ್ಸು ಮಾಡಿಕೊಂಡು ಬರುತ್ತಾರೆ. ಆ ವಂಶದ ಬುಡ ಇರುವ ಗೋಗಿಗೆ ಹಾಗೆ ಬರುವವರು ತೀರ ಕಡಿಮೆ. ನಮ್ಮವರಾದರೂ ಹೋಗಬೇಕು, ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ಗೋಳಗುಮ್ಮಟದಂಥ ಭವ್ಯತೆ ಅಲ್ಲಿಲ್ಲ. ಸಂತರ ದರ್ಗಾದ ಮಗ್ಗುಲಲ್ಲಿ ಸಾದಾ ಗೋರಿಗಳಾಗಿ ಮಲಗಿದ್ದಾರೆ. ರಾಜ್ಯ ಕಟ್ಟಿದವನು ದೊಡ್ಡ ಗುಮ್ಮಟಕ್ಕಿಂತ ಒಬ್ಬ ಸಂತರ ನೆರೆಯನ್ನು ದೊಡ್ಡದೆಂದು ಬಗೆದಿದ್ದ ಎಂಬುದು ಅಲ್ಲಿ ನಿಂತರೆ ತಾನಾಗಿ ತಿಳಿಯುತ್ತದೆ.

ಯೂಸುಫ್ ಸತ್ತದ್ದು ಹೇಗೆ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ವಿಜಯಪುರದ ಆಸ್ಥಾನದಲ್ಲಿ ಕೂತು ಬರೆದ ಫೆರಿಷ್ತಾನ ಪ್ರಕಾರ ಹಿಜರಿ 916ರಲ್ಲಿ, ಅಂದರೆ 1510ರಲ್ಲಿ, ಇಳಿವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡ. ವಿಜಯನಗರದ ಇತಿಹಾಸ ಬರೆದ ಕೆಲವರ ವಾದವೇ ಬೇರೆ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲೇ ಬಹಮನಿ ಸರದಾರರೆಲ್ಲ ಸೇರಿ ದಂಡೆತ್ತಿ ಹೋದರು, ಸೋತು ಹಿಂದಿರುಗುವಾಗ ಕೋವಿಲಕೊಂಡದ ಬಳಿ ನಡೆದ ಕಾಳಗದಲ್ಲಿ ಯೂಸುಫ್ ಮಡಿದ ಎನ್ನುತ್ತಾರೆ ಅವರು. ಯಾವ ಪಕ್ಷ ಹಿಡಿದರೂ ಗೋಗಿಯ ಗೋರಿಯ ಬಗ್ಗೆ ತಕರಾರಿಲ್ಲ.

ಈ ಯೂಸುಫ್ ತುರ್ಕಿಯ ಸುಲ್ತಾನ ಎರಡನೆಯ ಮುರಾದನ ಮಗನೆಂದೂ, ಅರಮನೆಯಲ್ಲಿ ಜೀವಕ್ಕೆ ಅಪಾಯ ಬಂದಾಗ ತಾಯಿ ಗುಟ್ಟಾಗಿ ಇರಾನಿನ ಸಾವಾ ಪಟ್ಟಣಕ್ಕೆ ಸಾಗಿಸಿದಳೆಂದೂ ಫೆರಿಷ್ತಾ ಕತೆ ಹೇಳುತ್ತಾನೆ. ಮುಂದೆ ಬೀದರಿಗೆ ಬಂದು, ಬಹಮನಿ ಮಂತ್ರಿ ಮಹಮೂದ್ ಗವಾನನ ಕಣ್ಣಿಗೆ ಬಿದ್ದು ಮೇಲೆ ಬಂದ. ಮದುವೆಯಾದದ್ದು ಮಾತ್ರ ಇಲ್ಲಿಯ ಹೆಣ್ಣನ್ನೇ. ಮುಕುಂದರಾವ್ ಎಂಬ ಮರಾಠಾ ಸರದಾರನ ತಂಗಿ. ಬೂಬೂಜಿ ಖಾನಂ ಎಂದು ಹೆಸರಾದಳು.

ಆಕೆಯ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ಗಂಡ ಸತ್ತಾಗ ಮಗ ಇಸ್ಮಾಯಿಲ್ ಇನ್ನೂ ಹುಡುಗ. ರಾಜ್ಯದ ಉಸ್ತುವಾರಿ ಕಮಾಲ್ ಖಾನ್ ಎಂಬ ಸರದಾರನ ಕೈಗೆ ಹೋಯಿತು. ಕೆಲವೇ ತಿಂಗಳಲ್ಲಿ ಅವನಿಗೆ ತಾನೇ ಯಾಕೆ ಸುಲ್ತಾನನಾಗಬಾರದು ಎನ್ನಿಸತೊಡಗಿತು. ಬೀದರಿನ ಅಮೀರ್ ಬರೀದನ ಜೊತೆ ಒಳಗೊಳಗೇ ಮಾತಾಯಿತು. 1511ರಲ್ಲಿ, ಗ್ರಹಗತಿ ಸರಿಯಿಲ್ಲವೆಂದು ಜೋಯಿಸರು ಹೇಳಿದ್ದರಿಂದ ಕಮಾಲ್ ಖಾನ್ ಕಾಯಿಲೆಯ ನೆವ ಹೇಳಿ ಮನೆಯೊಳಗೇ ಉಳಿದ. ಆಗ ಬೂಬೂಜಿ ನಂಬಿಕೆಯ ಹಳೆಯ ಸೇವಕ ಯೂಸುಫ್ ತುರ್ಕ್ ಎಂಬವನನ್ನು ಕರೆದು ಕೆಲಸ ಒಪ್ಪಿಸಿದಳು. ಮಕ್ಕಾ ಯಾತ್ರೆಗೆ ಹೊರಟಿದ್ದೇನೆ, ಅಪ್ಪಣೆ ಕೊಡಿ ಎಂದು ಅವನು ಕಮಾಲ್ ಖಾನನ ಮುಂದೆ ಹೋಗಿ ನಿಂತ. ಬೀಳ್ಕೊಡುವ ವೀಳ್ಯ ಕೊಡಲೆಂದು ಖಾನ್ ಕೈ ಚಾಚಿದ. ವೀಳ್ಯಕ್ಕೆ ಒಡ್ಡಿದ ಬಟ್ಟೆಯ ಕೆಳಗೆ ಬಾಕು ಇತ್ತು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಕಮಾಲ್ ಖಾನನ ತಾಯಿ ಮಗನ ಹೆಣವನ್ನು ಬದುಕಿರುವವನಂತೆ ಎತ್ತರದಲ್ಲಿ ಕೂರಿಸಿ, ಅವನ ಅಪ್ಪಣೆ ಎಂದು ಹೇಳಿಸಿ ಸೈನ್ಯವನ್ನು ಅರಮನೆಯ ಮೇಲೆ ಬಿಟ್ಟಳು. ಅರಮನೆಯ ಒಳಗೆ ಬೂಬೂಜಿಯೂ, ಯೂಸುಫನ ಸಾಕುತಂಗಿ ದಿಲ್‌ಶಾದ್ ಆಗಾ ಎಂಬಾಕೆಯೂ ಕವಚ ತೊಟ್ಟು ಗೋಡೆಯ ಮೇಲೆ ನಿಂತು ಕಾದಾಡಿದರು. ಗೋಡೆಯ ಬುಡಕ್ಕೆ ಬಂದು ನಿಂತ ಕಮಾಲ್ ಖಾನನ ಮಗನ ಮೇಲೆ ಬಾಲಕ ಇಸ್ಮಾಯಿಲನೇ ಕಲ್ಲುರುಳಿಸಿದ ಎಂದು ಫೆರಿಷ್ತಾ ಬರೆಯುತ್ತಾನೆ. ಚಾಂದಬೀಬಿಯ ಹೆಸರು ಎಲ್ಲರಿಗೂ ಗೊತ್ತು. ಅದಕ್ಕೂ ಎಂಬತ್ತು ವರ್ಷ ಮೊದಲು ಇಬ್ಬರು ಹೆಂಗಸರು ವಿಜಯಪುರದ ಗದ್ದುಗೆಯನ್ನು ಹೀಗೆ ಉಳಿಸಿಕೊಂಡದ್ದು ನಮ್ಮ ಪಠ್ಯದಲ್ಲಿ ಬರಬೇಕಿತ್ತು.

ಗೋವೆ ಒಂದೇ ವರ್ಷದಲ್ಲಿ ಎರಡು ಸಲ ಬಿತ್ತು, ಗೊತ್ತೇ? ಆಗ ಅದು ಆದಿಲ್‌ಶಾಹಿಯ ಬಂದರು. 1510ರ ಫೆಬ್ರವರಿ 17ರಂದು ಪೋರ್ತುಗೀಸ್ ಗವರ್ನರ್ ಅಫೊನ್ಸೊ ಡಿ ಅಲ್ಬುಕರ್ಕ್ ಹೆಚ್ಚು ಹೊಡೆದಾಟವಿಲ್ಲದೆ ಊರೊಳಗೆ ಕಾಲಿಟ್ಟ. ಮೇ ತಿಂಗಳಲ್ಲಿ ಆದಿಲ್‌ಶಾಹಿಯ ದಂಡು ಬಂತು. ಮಳೆಗಾಳಿಯ ರಾತ್ರಿಯಲ್ಲಿ ಹೊಳೆ ದಾಟಿ ಒಳನುಗ್ಗಿತು. ತಿಂಗಳ ಕೊನೆಗೆ ಪೋರ್ತುಗೀಸರು ಹಡಗು ಹತ್ತಿದರು. ಹತ್ತಿದರೇ ಹೊರತು ಹೋಗಲಾಗಲಿಲ್ಲ. ಮುಂಗಾರು ಶುರುವಾಗಿತ್ತು, ಮಾಂಡವಿಯ ಬಾಯಿ ದಾಟುವಂತಿರಲಿಲ್ಲ. ಆಗಸ್ಟ್ ನಡುವಿನವರೆಗೆ ಹಡಗಿನಲ್ಲೇ ಅರೆಹೊಟ್ಟೆಯಲ್ಲಿ, ದಡದ ಫಿರಂಗಿಗಳ ಎದುರಿಗೆ ದಿನ ನೂಕಿದರು. ನವೆಂಬರ್ 25ರಂದು ಮತ್ತೆ ಬಂದು ಒಂದೇ ದಿನದಲ್ಲಿ ಗೆದ್ದರು. ಆಮೇಲೆ ಊರಿನ ಮುಸಲ್ಮಾನರನ್ನು ಹೆಂಗಸರು ಮಕ್ಕಳೆನ್ನದೆ ಕೊಂದರು. ಆ ಗೆಲುವಿನಿಂದ ಶುರುವಾದ ಆಳ್ವಿಕೆ ಮುಗಿದದ್ದು 1961ರ ಡಿಸೆಂಬರ್‌ನಲ್ಲಿ. 451 ವರ್ಷ.

ಅವರಿಗೆ ದಾರಿ ತೋರಿಸಿದವನು ಹೊನ್ನಾವರ ಕಡೆಯ ತಿಮ್ಮಯ್ಯ. ಪೋರ್ತುಗೀಸರ ಬರಹಗಳಲ್ಲಿ ತಿಮೋಜ. ಆದಿಲ್‌ಶಾಹಿಯ ದೊರೆ ಸತ್ತಿದ್ದಾನೆ, ಗೋವೆಯಲ್ಲಿ ಕಾವಲು ಸಡಿಲವಾಗಿದೆ, ಹೊಡೆಯಲು ಇದೇ ಸಮಯ ಎಂದು ಅಲ್ಬುಕರ್ಕನಿಗೆ ಹೇಳಿದವನೇ ಅವನು. ಕಾರವಾರದ ಹತ್ತಿರ ಕಾಳಿ ಹೊಳೆಯ ಬಾಯಿಯಲ್ಲಿದ್ದ ಕೋಟೆಯನ್ನು ಅವನ ಜನ ಹಿಡಿದುಕೊಟ್ಟರು. ಮೊದಲ ಸಲ ಗೋವೆ ಹಿಡಿದೊಡನೆ ಅಲ್ಬುಕರ್ಕ್ ತನ್ನ ರಾಜ ಮನುಯೆಲ್‌ನ ಹೆಸರಿನಲ್ಲಿ ಚಿನ್ನ, ಬೆಳ್ಳಿ, ತಾಮ್ರದ ನಾಣ್ಯ ಹೊಡೆಸಿ ಬೀದಿಯಲ್ಲಿ ಡಂಗುರ ಸಾರಿಸಿದ.

ಸಮುದ್ರದ ದಂಡೆಯ ಈ ಗಲಾಟೆಗೂ ಎರೆಭೂಮಿಯ ಜೇವರ್ಗಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಕುದುರೆಯದು. ದಖ್ಖನ್ನಿನಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟುವುದಿಲ್ಲ. ಅರಬಸ್ತಾನದಿಂದ, ಹೊರ್ಮುಜ್‌ನಿಂದ ಹಡಗಿನಲ್ಲಿ ಬರಬೇಕು. ವಿಜಯಪುರದವರಿಗೆ ಗೋವೆಯಲ್ಲಿ ಇಳಿಯುತ್ತಿದ್ದವು, ವಿಜಯನಗರದವರಿಗೆ ಭಟ್ಕಳದಲ್ಲಿ. ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದು ಪೋರ್ತುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಗೋವೆ ಕೈತಪ್ಪಿದ ದಿನದಿಂದ ಯಾರಿಗೆ ಕುದುರೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದು ಪೋರ್ತುಗೀಸರ ಇಷ್ಟವಾಯಿತು. ಭೀಮೆಯ ಎರಡೂ ದಂಡೆಯಲ್ಲಿ ಗಸ್ತು ತಿರುಗುತ್ತಿದ್ದ ಆದಿಲ್‌ಶಾಹಿ ರಾವುತರಿಗೆ ಮುಂದಿನ ಕುದುರೆ ಎಲ್ಲಿಂದ ಎಂಬ ಚಿಂತೆ ಹುಟ್ಟಿದ್ದು ಆ ವರ್ಷವೇ.

ಈ ಲೆಕ್ಕವನ್ನು ಅಲ್ಬುಕರ್ಕ್ ಗೋವೆ ಹಿಡಿಯುವ ಮೊದಲೇ ಹಾಕಿದ್ದ. 1510ರ ಆರಂಭದಲ್ಲಿ ಲೂಯಿಸ್ ಎಂಬ ಕ್ರೈಸ್ತ ಸನ್ಯಾಸಿಯನ್ನು ವಿಜಯನಗರಕ್ಕೆ ರಾಯಭಾರಿಯಾಗಿ ಕಳಿಸಿ, ಕಲ್ಲಿಕೋಟೆಯ ಮೇಲೆ ನೀವು ನೆಲದಿಂದ ಬನ್ನಿ, ನಾವು ನೀರಿನಿಂದ ಬರುತ್ತೇವೆ, ಹೊರ್ಮುಜ್ ಕುದುರೆಗಳನ್ನು ನಿಮಗೇ ಕೊಡುತ್ತೇವೆ ಎಂದು ಹೇಳಿಸಿದ. ರಾಯ ಮಾತಿನಲ್ಲಿ ಸ್ನೇಹ ತೋರಿಸಿದನೇ ಹೊರತು ದಂಡು ಕಳಿಸಲಿಲ್ಲ. ಲೂಯಿಸ್ ವಿಜಯನಗರದಲ್ಲೇ ಕೊಲೆಯಾದರು.

ಹಂಪಿಯ ವಿರೂಪಾಕ್ಷ ಗುಡಿಯ ಶಾಸನ 1510ರದು, ಗೊತ್ತೇ? ಶುಕ್ಲ ಸಂವತ್ಸರದ ಮಾಘ ಶುದ್ಧ ಚತುರ್ದಶಿ ಎಂದು ತಿಥಿ ಇದೆ. ಇಂಗ್ಲಿಷ್ ಲೆಕ್ಕಕ್ಕೆ ತಿರುಗಿಸಿದರೆ 1510ರ ಜನವರಿ ಕೊನೆಯ ವಾರ. ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ ರಂಗಮಂಟಪವನ್ನೂ ಅದರ ಮುಂದಿನ ಗೋಪುರವನ್ನೂ ಕಟ್ಟಿಸಿ, ದೊಡ್ಡ ಗೋಪುರದ ಜೀರ್ಣೋದ್ಧಾರ ಮಾಡಿಸಿ, ದೇವರಿಗೆ ನವರತ್ನದ ಚಿನ್ನದ ತಾವರೆ, ನಾಗಾಭರಣ, ನೈವೇದ್ಯಕ್ಕೆ ಸಿಂಗಿನಾಯಕನಹಳ್ಳಿ ಎಂಬ ಊರು ಕೊಟ್ಟದ್ದನ್ನು ಸಂಸ್ಕೃತ, ಕನ್ನಡ ಎರಡರಲ್ಲೂ ಕೆತ್ತಿಸಿದ. ಇಂದು ಹಂಪಿಗೆ ಹೋದವರೆಲ್ಲ ತಲೆಯೆತ್ತಿ ನೋಡುವ ಆ ಮಂಟಪದ ಬಣ್ಣದ ಚಿತ್ರಗಳು ಆಮೇಲಿನವು. ಕಂಬಗಳು ಆ ಕಾಲದವು.

ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ರಾಯ ರಾಯಚೂರಿನ ದೋಆಬು ದಾಟಿ ಕಲಬುರಗಿ, ಬೀದರಿನವರೆಗೆ ಬಂದ. ಬೀದರಿನಲ್ಲಿ ಮೂಲೆಗುಂಪಾಗಿದ್ದ ಮಹಮೂದ್ ಶಾಹನನ್ನು ಮತ್ತೆ ಗದ್ದುಗೆಯ ಮೇಲೆ ಕೂರಿಸಿ 'ಯವನರಾಜ್ಯ ಸ್ಥಾಪನಾಚಾರ್ಯ' ಎಂಬ ಬಿರುದು ತೊಟ್ಟ. 1510ರ ಸಾವು, 1510ರ ಗೋವೆಯ ಸೋಲು ಆದಿಲ್‌ಶಾಹಿಯನ್ನು ಅಷ್ಟು ಕುಗ್ಗಿಸಿರದಿದ್ದರೆ ಆ ದಾರಿ ಅಷ್ಟು ಸಲೀಸಾಗಿ ತೆರೆಯುತ್ತಿರಲಿಲ್ಲ.

ವಿಜಯಪುರದ ಅರಮನೆಯನ್ನು ಯುರೋಪಿನವರು ಮೊದಲ ಸಲ ಅಚ್ಚಿನಲ್ಲಿ ಓದಿದ್ದೂ ಇದೇ ವರ್ಷ. ಬೊಲೋನ್ಯಾ ಊರಿನ ಲುದೊವಿಕೊ ದಿ ವರ್ತೆಮಾ ಎಂಬವನು ಭಾರತ ಸುತ್ತಿ ಹೋಗಿ ಬರೆದ ಪ್ರವಾಸಕಥನ 1510ರ ಡಿಸೆಂಬರ್‌ನಲ್ಲಿ ರೋಮಿನಲ್ಲಿ ಅಚ್ಚಾಯಿತು. ದೊರೆ ಕೂರುವ ಕೋಣೆ ಮುಟ್ಟುವ ಮೊದಲು 44 ಕೋಣೆ ದಾಟಬೇಕು, ದೊರೆಯ ಸೇವಕರಲ್ಲಿ ಅನೇಕರು ಕಾಲ ಮೆಟ್ಟಿನ ಮೇಲೂ ಮಾಣಿಕ್ಯ ವಜ್ರ ಕಟ್ಟಿಸಿರುತ್ತಾರೆ ಎಂದು ಅದರಲ್ಲಿದೆ. ಅವನು ಕಂಡ ದೊರೆ ಯೂಸುಫ್. ರೋಮಿನ ಓದುಗರು ಈ ವೈಭವದ ಪುಟ ತಿರುವುವ ಹೊತ್ತಿಗೆ ಯೂಸುಫ್ ಗೋಗಿಯ ಮಣ್ಣಿನಲ್ಲಿದ್ದ, ಗೋವೆ ಕೈಬಿಟ್ಟಿತ್ತು.

ಇನ್ನು ಊಟದ ಮಾತು. 1510ರಲ್ಲಿ ಜೇವರ್ಗಿಯ ರೈತನ ಗಂಗಾಳದಲ್ಲಿ ಏನೇನು ಇರಲಿಲ್ಲ ಗೊತ್ತೇ? ಮೆಣಸಿನಕಾಯಿ ಇರಲಿಲ್ಲ. ಶೇಂಗಾ ಇರಲಿಲ್ಲ. ಹಾಗಾಗಿ ಶೇಂಗಾ ಹಿಂಡಿ ಇರಲಿಲ್ಲ. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ, ಗೋವಿನಜೋಳ ಇಲ್ಲ, ಪೇರಲ ಇಲ್ಲ, ಗೇರುಬೀಜ ಇಲ್ಲ. ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಅಲ್ಲಿಗೆ ಕೊಲಂಬಸ್ ಮುಟ್ಟಿ ಹದಿನೆಂಟೇ ವರ್ಷವಾಗಿತ್ತು. ಪೋರ್ತುಗೀಸರ ಹಡಗುಗಳಲ್ಲಿ ಇವುಗಳಲ್ಲಿ ಹಲವು ಬಂದಿಳಿಯಲು ಬಾಗಿಲಾದದ್ದು ಆ ವರ್ಷ ಅವರು ಹಿಡಿದ ಗೋವೆಯೇ.

ಹಾಗಾದರೆ ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲುವಾಗ ಬುತ್ತಿಯಲ್ಲಿ ಏನಿದ್ದೀತು? ಸಜ್ಜೆ ರೊಟ್ಟಿ ಇತ್ತು, ಜೋಳದ ಕಡಬು ಇತ್ತು. ಹಸಿ ತೊಗರಿ, ಕಡಲೆ, ಅವರೆ ಹಾಕಿ ಮಾಡುವ ಭಜ್ಜಿಗೆ ಬೇಕಾದ ಕಾಳೆಲ್ಲ ಇತ್ತು. ಅಗಸೆ, ಗುರೆಳ್ಳು, ಎಳ್ಳಿನ ಹಿಂಡಿ ಇತ್ತು. ಒಗ್ಗರಣೆಗೆ ಕುಸುಬೆ ಎಣ್ಣೆ. ಖಾರಕ್ಕೆ ಮಾತ್ರ ಕಾಳುಮೆಣಸು, ಹಿಪ್ಪಲಿ, ಶುಂಠಿಯೇ ಗತಿ. ಕಾಳುಮೆಣಸು ಮಲೆನಾಡಿನಿಂದ ಗೋಣಿಯಲ್ಲಿ ಬರಬೇಕು, ದುಡ್ಡು ಕೊಡಬೇಕು. ಆದ್ದರಿಂದ ನಮ್ಮ ಸೀಮೆಯ ಬಡವರ ಊಟ ಆಗ ಈಗಿನಷ್ಟು ಖಾರವಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯ ಮೇಲೊಂದು ಕೀರ್ತನೆ ಪ್ರಸಿದ್ಧವಾಗಿದೆ. ದಾಸರು ತೀರಿಕೊಂಡದ್ದು 1564ರಲ್ಲಿ. ಕೀರ್ತನೆ ನಿಜಕ್ಕೂ ಅವರದೇ ಆದರೆ, ಗೋವೆ ಬಿದ್ದ ಐವತ್ನಾಲ್ಕು ವರ್ಷದೊಳಗೆ ಮೆಣಸಿನಕಾಯಿ ಹಾಡಿಗೆ ಬರುವಷ್ಟು ಮನೆಮಾತಾಗಿತ್ತು. ನನಗಂತೂ ಈ ವೇಗ ಯಾವ ಯುದ್ಧಕ್ಕಿಂತ ದೊಡ್ಡ ಅಚ್ಚರಿ.

ತೊಗರಿ ಮಾತ್ರ ಎಲ್ಲಿಂದಲೂ ಬಂದದ್ದಲ್ಲ, ಈ ದೇಶದ್ದೇ ಕಾಳು. ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು 2019ರಲ್ಲಿ.

ತಂಬಾಕೂ ಇರಲಿಲ್ಲ. ಅಕ್ಬರನ ರಾಯಭಾರಿ ಅಸದ್ ಬೇಗ್ 1604ರ ಸುಮಾರಿಗೆ ಅದನ್ನು ವಿಜಯಪುರದಲ್ಲಿ ಮೊದಲ ಸಲ ಕಂಡು, ಕೌತುಕದ ವಸ್ತುವೆಂದು ಆಗ್ರಾಕ್ಕೆ ಒಯ್ದ.

ಮರಾಠಿಯ 'ಗುರುಚರಿತ್ರೆ' ಹುಟ್ಟಿದ ಊರು ಆಳಂದ ತಾಲ್ಲೂಕಿನದು, ಗೊತ್ತೇ? ಊರು ಕಡಗಂಚಿ. ಈಗ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಅದೇ ಕಡಗಂಚಿ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಅಮರ್ಜಾ ಬಂದು ಭೀಮೆಯನ್ನು ಕೂಡುವಲ್ಲಿ, 15ನೇ ಶತಮಾನದ ನಡುವಿನಲ್ಲಿ ಎರಡು ದಶಕಕ್ಕೂ ಮಿಕ್ಕಿ ನೆಲೆಸಿದ್ದವರು ನರಸಿಂಹ ಸರಸ್ವತಿ ಸ್ವಾಮಿಗಳು. ಅವರ ಶಿಷ್ಯ ಸಾಯಂದೇವ ಕಡಗಂಚಿಯವನು. ಅವನ ವಂಶದ ಐದನೇ ತಲೆಮಾರಿನ ಸರಸ್ವತಿ ಗಂಗಾಧರ 16ನೇ ಶತಮಾನದಲ್ಲಿ ಬರೆದ ಗ್ರಂಥವೇ ಗುರುಚರಿತ್ರೆ. ನಾವು ಹೇಳುತ್ತಿರುವ 1510ರಲ್ಲಿ ಸ್ವಾಮಿಗಳು ಶ್ರೀಶೈಲದ ಕಡೆ ಹೊರಟುಹೋಗಿ ಸುಮಾರು ಅರ್ಧ ಶತಮಾನವಾಗಿತ್ತು. ಅವರನ್ನು ಕಣ್ಣಾರೆ ಕಂಡ ಮುದುಕರು ಒಬ್ಬಿಬ್ಬರಾದರೂ ಗಾಣಗಾಪುರದಲ್ಲಿ ಉಳಿದಿದ್ದಿರಬಹುದು. ಅಜ್ಜ ಮುತ್ತಜ್ಜರಿಂದ ಕೇಳಿದ ಮಾತು ಬರಹಕ್ಕಿಳಿಯುವ ಕಾಲ ಅದು.

ಮರಾಠಿ ತನಗೆ ಸಲೀಸಲ್ಲವೆಂದು ಕವಿಯೇ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಮನೆಮಾತು ಕನ್ನಡ ಎನ್ನುತ್ತಾರೆ ಬಲ್ಲವರು. ಗ್ರಂಥದ 41ನೇ ಅಧ್ಯಾಯ ತೆರೆದು ನೋಡಿ. ಮರಾಠಿಯ ಓವಿಗಳ ನಡುವೆ ಗುರುವನ್ನು ಹೊಗಳುವ ಅಚ್ಚ ಕನ್ನಡ ಪದಗಳು ದೇವನಾಗರಿ ಲಿಪಿಯಲ್ಲಿ ಕಾಣಸಿಗುತ್ತವೆ. ಪುಣೆಯಲ್ಲೋ ನಾಗಪುರದಲ್ಲೋ ಏಳು ದಿನದ ಪಾರಾಯಣಕ್ಕೆ ಕೂತ ಮರಾಠಿ ಮನೆಯವರು ಆ ಅಧ್ಯಾಯ ಬಂದಾಗ ಕನ್ನಡವನ್ನೇ ಓದುತ್ತಾರೆ, ಅರ್ಥ ತಿಳಿದವರೂ ತಿಳಿಯದವರೂ. ಭಕ್ತಿಯಿಂದ, ಒಂದಕ್ಷರ ಬಿಡದೆ. ಗಡಿಯ ಜಗಳ ಕೇಳಿ ಬೇಸತ್ತಾಗಲೆಲ್ಲ ನನಗೆ ನೆನಪಾಗುವುದು ಆಳಂದದ ಈ ಕವಿ.

ಭೀಮೆಯ ನೀರಿಗೆ ಆ ಕಾಲದಲ್ಲಿ ಬಂಗಾಳದಿಂದಲೂ ಒಬ್ಬರು ಬಂದರು. ಚೈತನ್ಯ ಮಹಾಪ್ರಭು ಸನ್ಯಾಸ ತೆಗೆದುಕೊಂಡದ್ದು 1510ರ ಮಾಘದಲ್ಲಿ, 24ನೇ ವಯಸ್ಸಿನಲ್ಲಿ. ಹಂಪಿಯ ಶಾಸನದ ತಿಥಿಯೂ ಅದೇ ಮಾಘ ಮಾಸದ್ದೆಂಬುದು ನೆನಪಿರಲಿ. ಪುರಿಗೆ ಬಂದು ಅಲ್ಲಿಂದ ಬೇಸಿಗೆಯಲ್ಲೇ ದಕ್ಷಿಣ ಯಾತ್ರೆ ಹೊರಟರು. ಆ ಯಾತ್ರೆಯಲ್ಲಿ ಉಡುಪಿಗೂ ಬಂದರು, ಪಂಢರಪುರಕ್ಕೂ ಹೋದರು. ಪಂಢರಪುರದಲ್ಲಿ ಭೀಮೆಯಲ್ಲಿ ಮಿಂದದ್ದನ್ನೂ, ಮನೆ ಬಿಟ್ಟು ಸನ್ಯಾಸಿಯಾಗಿದ್ದ ಅಣ್ಣ ವಿಶ್ವರೂಪ ಅದೇ ಊರಲ್ಲಿ ದೇಹ ಬಿಟ್ಟ ಸುದ್ದಿ ತಿಳಿದದ್ದನ್ನೂ 'ಚೈತನ್ಯ ಚರಿತಾಮೃತ' ಹೇಳುತ್ತದೆ. ಪಂಢರಪುರದಿಂದ ಇಳಿದ ನೀರೇ ಅಫಜಲಪುರ ತಾಲ್ಲೂಕು ಹೊಕ್ಕು, ಗಾಣಗಾಪುರದ ಸಂಗಮ ಮುಟ್ಟಿ, ಜೇವರ್ಗಿಯ ಹೊಲಗಳ ಮಗ್ಗುಲಿಗೆ ಬರುತ್ತದೆ.

ಬೀದರಿನ ನಾನಕ್ ಝೀರಾಕ್ಕೆ ಗುರುನಾನಕರು ಬಂದದ್ದು 1510 ಮತ್ತು 1514ರ ನಡುವೆ ಎಂದು ಸಿಖ್ಖರ ಸಂಪ್ರದಾಯ.

ಜೇವರ್ಗಿಯ ಹತ್ತಿರ ಭೀಮೆಯ ದಂಡೆಯಲ್ಲಿ ಫಿರೋಜಾಬಾದ್ ಇದೆ. 1400ರ ಸುಮಾರಿಗೆ ಫಿರೋಜ್ ಶಾಹ ಬಹಮನಿ ಕಟ್ಟಿಸಿದ ಅರಮನೆ ಪಟ್ಟಣ. ಮೂರು ಕಡೆ ಕೋಟೆಗೋಡೆ, ನಾಲ್ಕನೆಯ ಕಡೆ ಹೊಳೆ. 1510ರ ವೇಳೆಗೆ ಅದರ ವೈಭವ ಮುಗಿದು ಎಷ್ಟೋ ಕಾಲವಾಗಿತ್ತು. ಅಂದರೆ ನಾವು ಹಳೆಯದೆನ್ನುವ ಆ ಕಾಲದವರಿಗೂ ನೋಡಲು ಒಂದು ಹಾಳೂರು ಇತ್ತು.

ಅತ್ತ ಹೊರಗಿನ ಲೋಕದಲ್ಲಿ ಅದೇ 1510. ಭಾರತದ ಮೊದಲ ಪೋರ್ತುಗೀಸ್ ವೈಸರಾಯ್ ಅಲ್ಮೇದಾ ಅಧಿಕಾರ ಬಿಟ್ಟು ಊರಿಗೆ ಹೊರಟವನು ಮಾರ್ಚ್ 1ರಂದು ದಕ್ಷಿಣ ಆಫ್ರಿಕಾದ ತುದಿಯಲ್ಲಿ ಅಲ್ಲಿನ ಖೋಯಿಖೋಯಿ ಜನರ ಕೈಯಲ್ಲಿ ಹತನಾದ. ಮೇ ತಿಂಗಳಲ್ಲಿ ಇಟಲಿಯ ಚಿತ್ರಕಾರ ಬೊಟ್ಟಿಚೆಲ್ಲಿ ತೀರಿಕೊಂಡ. ಮೈಕೆಲೇಂಜೆಲೊ ರೋಮಿನಲ್ಲಿ ಸಿಸ್ಟೀನ್ ಚಾಪೆಲ್ಲಿನ ಚಾವಣಿಯ ಅರ್ಧ ಮುಗಿಸಿದ್ದ. ಯುರೋಪಿನಲ್ಲಿ ಬೇಸಿಗೆಯಿಂದ ಜ್ವರ, ಕೆಮ್ಮು, ಉಸಿರಾಟದ ಪಿಡುಗು ಊರಿಂದ ಊರಿಗೆ ಹಬ್ಬಿತು. ಇನ್‌ಫ್ಲುಯೆಂಜಾದ ಆರಂಭದ ದೊಡ್ಡ ದಾಖಲೆಗಳಲ್ಲಿ ಅದನ್ನೂ ಎಣಿಸುತ್ತಾರೆ. ಚೀನಾದಲ್ಲಿ ಚಕ್ರವರ್ತಿಗಿಂತ ಬಲವಾಗಿದ್ದ ನಪುಂಸಕ ಅಧಿಕಾರಿ ಲಿಯು ಜಿನ್‌ನನ್ನು ಸೀಳಿ ಕೊಂದರು. ಮುಂದೆ ಭೂಮಿಯ ಮೊದಲ ಪ್ರದಕ್ಷಿಣೆಗೆ ಹೊರಟ ಮೆಜೆಲನ್ ಆಗ ಕೊಚ್ಚಿಯಲ್ಲಿದ್ದ. ಗೋವೆಯನ್ನು ಮತ್ತೆ ಹಿಡಿಯುವ ಬಗ್ಗೆ ಅಕ್ಟೋಬರ್‌ನಲ್ಲಿ ಅಲ್ಬುಕರ್ಕ್ ಕರೆದ ಸಭೆಯಲ್ಲಿ ಕೂತು ಗವರ್ನರನ ಮಾತಿಗೆ ಎದುರು ಹೇಳಿದವರಲ್ಲಿ ಅವನೂ ಒಬ್ಬ.

ಕೊನೆಯದು, ಡಿಸೆಂಬರ್ 2. ಮಧ್ಯ ಏಷ್ಯಾದ ಮರ್ವ್ ಎಂಬಲ್ಲಿ ಇರಾನಿನ ಶಾಹ ಇಸ್ಮಾಯಿಲ್ ಉಜ್ಬೆಕ್ ದೊರೆ ಶೈಬಾನಿ ಖಾನನನ್ನು ಸೋಲಿಸಿ ಕೊಂದ. ಅವನ ತಲೆಬುರುಡೆಗೆ ಚಿನ್ನ ಕಟ್ಟಿಸಿ ಪಾನಪಾತ್ರೆ ಮಾಡಿಸಿದ. ಈ ಶಾಹ ಇಸ್ಮಾಯಿಲನನ್ನು ನೋಡಿಯೇ ಯೂಸುಫ್ ವಿಜಯಪುರದಲ್ಲಿ ಶಿಯಾ ಪಂಥವನ್ನು ರಾಜಧರ್ಮವೆಂದು ಸಾರಿದ್ದ. ಭಾರತದಲ್ಲಿ ಹಾಗೆ ಸಾರಿದ ಮೊದಲ ದೊರೆ ಅವನು. ಮರ್ವ್ ಗೆಲುವಿನ ಸುದ್ದಿ ಬರುವಷ್ಟರಲ್ಲಿ ಅವನೂ ಇರಲಿಲ್ಲ, ಅವನ ಪದ್ಧತಿಯೂ ಇರಲಿಲ್ಲ. ಕಮಾಲ್ ಖಾನ್ ಸುನ್ನಿ ಖುತ್ಬಾ ಮತ್ತೆ ತಂದಿದ್ದ.

ಮರ್ವ್‌ನಲ್ಲಿ ಶೈಬಾನಿ ಸತ್ತದ್ದರಿಂದ ಲಾಭವಾದದ್ದು ಅವನಿಂದ ಊರು ಕಳೆದುಕೊಂಡು ಕಾಬೂಲಿನಲ್ಲಿ ಕೂತಿದ್ದ ಬಾಬರನಿಗೆ. ಶಾಹನ ಸಹಾಯದಿಂದ 1511ರಲ್ಲಿ ಸಮರ್ಕಂದ್ ಹಿಡಿದ, ವರ್ಷ ಕಳೆಯುವಷ್ಟರಲ್ಲಿ ಮತ್ತೆ ಕಳೆದುಕೊಂಡ. ಇನ್ನು ಆ ಕಡೆ ಆಸೆ ಇಲ್ಲವೆಂದು ಹಿಂದುಸ್ತಾನದ ಕಡೆ ಮುಖ ಮಾಡಿ 1526ರಲ್ಲಿ ದೆಹಲಿ ಗೆದ್ದ. ಅವನಿಂದ ಎಣಿಸಿದರೆ ಆರನೆಯ ಬಾದಶಹ ಔರಂಗಜೇಬ. 1686ರ ಸೆಪ್ಟೆಂಬರ್‌ನಲ್ಲಿ ಯೂಸುಫ್ ಕಟ್ಟಿದ ರಾಜ್ಯವನ್ನು ಮುಗಿಸಿದವನು ಅವನೇ. ಆಮೇಲೆ ನಾಲ್ಕೈದು ವರ್ಷ ಇದೇ ಭೀಮೆಯ ಮೇಲ್ಕಡೆ, ಪಂಢರಪುರದ ಕೆಳಗಿನ ಬ್ರಹ್ಮಪುರಿಯಲ್ಲಿ, ತನ್ನ ಪಾಳೆಯ ಹೂಡಿ ಅಲ್ಲಿಂದಲೇ ಹಿಂದುಸ್ತಾನವನ್ನು ಆಳಿದ.